ತರಬೇತಿ ಫಲ ಕೊಟ್ಟಿತೇ? ನೀವೇ ಪರೀಕ್ಷಿಸಿ

ಹೈನುಗಾರ ಸಹೋದರಿಯರೇ,

ಕೃತಕ ಗರ್ಭಧಾರಣೆ ಮಾಡಿಸಿದ ದಿನವೇ ಹಸು ಗಬ್ಬವಾಯಿತೆಂದು ಯಾರೂ ಹೇಳುವುದಿಲ್ಲ. 21 ದಿನದ ಹೊತ್ತಿಗೆ ಮತ್ತೆ ಬೆದೆಗೆ ಬಂತೇ ಎಂದು ನೋಡುತ್ತೀರಿ; 3 ತಿಂಗಳಿಗೆ ಗರ್ಭ ಪರೀಕ್ಷೆ ಮಾಡಿಸುತ್ತೀರಿ. ನಾಯಕತ್ವ ತರಬೇತಿಗೂ ಇದೇ ಲೆಕ್ಕ. ಕೊನೆಯ ದಿನದ ಚಪ್ಪಾಳೆ, ಪ್ರಮಾಣಪತ್ರ ಫಲಿತಾಂಶವಲ್ಲ.

ತರಬೇತಿಗೆ ಹೋಗುವ ಮೊದಲೇ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಡಿ:

1. ಹಾಲಿನ ಚೀಟಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ಕಡಿಮೆ ಬಂದರೆ ಕಾರಣ ಕೇಳುತ್ತೇನೆಯೇ?
2. ಹಾಲಿನ ಹಣದ ಖರ್ಚಿನಲ್ಲಿ ನನ್ನ ಮಾತು ನಡೆಯುತ್ತದೆಯೇ?
3. ಸಂಘದ ಕಳೆದ ಸಭೆಯಲ್ಲಿ ಎದ್ದು ಮಾತನಾಡಿದೆನೇ?
4. ನಿರ್ದೇಶಕಿಯಾಗಿದ್ದರೆ, ನಡವಳಿ ಪುಸ್ತಕವನ್ನು ಓದಿ ಸಹಿ ಹಾಕುತ್ತೇನೆಯೇ?

3 ತಿಂಗಳಿಗೊಮ್ಮೆ, ಮತ್ತೆ ವರ್ಷಕ್ಕೊಮ್ಮೆ ಇವೇ ಪ್ರಶ್ನೆಗಳನ್ನು ಕೇಳಿಕೊಂಡು ಹಳೆಯ ಉತ್ತರದ ಪಕ್ಕ ಬರೆಯಿರಿ. ವರ್ಷವಾದರೂ ಉಳಿದದ್ದೇ ನಿಜವಾದ ಬದಲಾವಣೆ. ನಮಗೆ ನಾವೇ ಹೆಚ್ಚು ಅಂಕ ಕೊಟ್ಟುಕೊಳ್ಳುವುದುಂಟು. ಸಭೆಯ ವಿಷಯದಲ್ಲಿ ಇನ್ನೊಬ್ಬ ಸದಸ್ಯೆಯನ್ನೂ ಕೇಳಿ.

ಏನೂ ಬದಲಾಗದಿದ್ದರೆ ನಿಮ್ಮನ್ನೇ ಹಳಿದುಕೊಳ್ಳಬೇಡಿ. ಗಬ್ಬ ಕಟ್ಟದಿದ್ದರೆ ಹಸುವನ್ನು ಬೈಯುವುದಿಲ್ಲ, ಕಾರಣ ಹುಡುಕುತ್ತೇವೆ. ಸಭೆಯನ್ನು ಹಾಲು ಕರೆಯುವ ಹೊತ್ತಿಗೇ ಇಟ್ಟಿದ್ದರೇ? ನೋಟಿಸು ಮನೆಯ ಗಂಡಸರ ಕೈಗೇ ಹೋಯಿತೇ? ಮುಂದಿನ ಸಭೆಯಲ್ಲಿ ಅದನ್ನೇ ಕೇಳಿ. ಕೇಳಿದ ದಿನ ಮೂರನೇ ಪ್ರಶ್ನೆಗೆ 'ಹೌದು' ಎಂದು ಬರೆಯಬಹುದು.

– ಪಶುವೈದ್ಯಾಧಿಕಾರಿ