ಮೊದಲು ಒಗೆಯಿರಿ, ಆಮೇಲೆ ಕತ್ತರಿಸಿ

ನಾನು ಹೊಲಿದ ಮೊದಲ ಡೆನಿಮ್ ಗೌನ್ ಈಗ ತಂಗಿಯದು. ಹಬ್ಬದ ದಿನ ಪಾದ ಮುಟ್ಟುತ್ತಿತ್ತು; ಮೊದಲ ಒಗೆತಕ್ಕೇ ಎರಡು ಇಂಚು ಗಿಡ್ಡವಾಯಿತು. ಡೆನಿಮ್‌ನಲ್ಲಿ ಹಾಸು ನೂಲು ನೀಲಿ, ಹೊಕ್ಕು ನೂಲು ಬಿಳಿ. ಮಗ್ಗದಲ್ಲಿ ಬಿಗಿಯಾಗಿ ಎಳೆದಿದ್ದ ಹತ್ತಿನೂಲು ನೀರು ತಾಗಿದಾಗ ಕುಗ್ಗುತ್ತದೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿದ ಮೇಲೆ ಒಗೆಯುತ್ತಾರೆ. ಕುಗ್ಗುವಷ್ಟನ್ನು ಲೆಕ್ಕ ಹಾಕಿಯೇ ಕತ್ತರಿಸಿರುತ್ತಾರೆ. ಮನೆಯಲ್ಲಿ ಹೊಲಿಯುವ ನಮಗೆ ಆ ಲೆಕ್ಕ ಸಿಗದು. ಎರಡು ಸಲ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ, ಆಮೇಲೆ ಚಾಕ್ ಹಿಡಿಯಬೇಕು. (ಕುಂದಾಪುರದ ಮಳೆಗಾಲದಲ್ಲಿ ಒಣಗುವುದೇ ದೊಡ್ಡ ಕೆಲಸ!) ಸೂಜಿ 16ನೇ ನಂಬರಿನದು ಇರಲಿ. ಹೊಲಿಗೆಗಳು ಕೂಡುವ ದಪ್ಪ ಜಾಗದಲ್ಲಿ ಪೆಡಲ್ ತುಳಿಯದೆ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಅವಸರ ಮಾಡಿ ನಾನು ಮೂರು ಸೂಜಿ ಮುರಿದೆ. ಎರಡನೆಯ ಗೌನ್ ನಾಲ್ಕು ಒಗೆತ ಕಂಡಿದೆ. ಉಮ್ಮ ಟೇಪ್ ಹಿಡಿದು ನೋಡಿದರು: ಉದ್ದ ಹಾಗೆಯೇ ಇದೆ.