ಕೊಳದ ಕೆನೆ ತೆಗೆಯುವ ಬಕೆಟ್

ಯುಗಾದಿ ಹತ್ತಿರವಾದಂತೆ ನಮ್ಮ ಹಿತ್ತಲಿನ ಹೊಂಗೆಮರ ಎಲೆ ಉದುರಿಸಲು ಶುರುಮಾಡುತ್ತದೆ. ಅದರ ನೆರಳಿನಲ್ಲೇ ಮೀನಿನ ಕೊಳ ಕಟ್ಟಿಸಿದ್ದು ನನ್ನ ತಪ್ಪು. ಬೆಳಗ್ಗೆ ಎದ್ದು ನೋಡಿದರೆ ನೀರೇ ಕಾಣದಷ್ಟು ಎಲೆ. ಜಾಲರಿಯಿಂದ ಎಲೆ ಎತ್ತಿದರೆ ಅದರಡಿ ಧೂಳು, ಹೂವಿನ ಪುಡಿ, ಮೀನಿನ ಆಹಾರದ ಜಿಡ್ಡು ಸೇರಿ ಕಟ್ಟಿದ ತೆಳುವಾದ ಪೊರೆ. ಹಾಲಿನ ಕೆನೆಯ ಹಾಗೆ ಬೆರಳಿಗೆ ಅಂಟುತ್ತಿತ್ತು.

ಇದನ್ನು ಹಾಗೇ ಬಿಡುವಂತಿಲ್ಲ. ತೇಲುವ ಎಲೆ ಕೆಲವೇ ದಿನಗಳಲ್ಲಿ ನೆನೆದು ತಳ ಸೇರುತ್ತದೆ. ಅಲ್ಲಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಮೇಲಿನ ಪೊರೆಯೋ, ಗಾಳಿಯಿಂದ ಹೊಸ ಆಮ್ಲಜನಕ ಇಳಿಯಲು ಅಡ್ಡಿ. ಕೊಳದಲ್ಲಿ ಆಮ್ಲಜನಕ ತೀರಾ ಕಡಿಮೆಯಾಗುವುದು ಸೂರ್ಯೋದಯಕ್ಕೆ ಮುಂಚೆ. ಆ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿಬಾಯಿ ಬಿಡುತ್ತಿದ್ದರೆ ಎಚ್ಚರವಾಗಬೇಕು.

ಮೇಲಿನ ತೆಳುಪದರವನ್ನಷ್ಟೇ ಎಳೆದುಕೊಳ್ಳುವ ಸಾಧನಕ್ಕೆ ಸ್ಕಿಮ್ಮರ್ ಎನ್ನುತ್ತಾರೆ. ಪ್ಲಂಬಿಂಗ್ ಅಂಗಡಿಯ ಸಾಮಾನಿನಿಂದ ಮನೆಯಲ್ಲೇ ಇದನ್ನು ಮಾಡಿಕೊಳ್ಳಬಹುದು.

ಗುಟ್ಟು ಇರುವುದು ಅಂಚಿನಲ್ಲಿ

ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಬಾಯಿ ಇರುವ ಒಂದು ಕೊಳವೆ. ಅದರ ಬುಡದಲ್ಲಿ ಪಂಪ್ ಇರುವ ಬಕೆಟ್. ಪಂಪ್ ನೀರು ಎತ್ತಿದಂತೆ ಕೊಳವೆಯೊಳಗಿನ ಮಟ್ಟ ಇಳಿಯುತ್ತದೆ, ಹೊರಗಿನ ನೀರು ಅಂಚು ದಾಟಿ ಒಳಗೆ ಬೀಳುತ್ತದೆ, ಕಸವೂ ಜೊತೆಗೆ ಬರುತ್ತದೆ. ಗಂಟೆಗೆ 1000 ಲೀಟರ್ ಎತ್ತುವ ಪಂಪಿಗೆ 4 ಇಂಚಿನ ಕೊಳವೆ ಹಾಕಿದರೆ ಅಂಚಿನ ಮೇಲೆ ಹರಿಯುವ ಪದರದ ದಪ್ಪ ಸುಮಾರು 6 ಮಿ.ಮೀ. ಮಾತ್ರ.

ತೊಡಕಿರುವುದೂ ಅಲ್ಲೇ. ಬಯಲುಸೀಮೆಯ ಬೇಸಿಗೆಯಲ್ಲಿ ದಿನಕ್ಕೆ ಐದಾರು ಮಿ.ಮೀ. ನೀರು ಆವಿಯಾಗಿ ಹೋಗುತ್ತದೆ. ಕೊಳವೆಯನ್ನು ಅಲುಗದಂತೆ ನಿಲ್ಲಿಸಿದರೆ ಇವತ್ತು ಕೆಲಸ ಮಾಡಿದ್ದು ನಾಳೆ ಒಣಗಿ ನಿಂತಿರುತ್ತದೆ. ಹಾಗಾಗಿ ಅಂಚು ನೀರಿನ ಜೊತೆ ತೇಲುತ್ತಾ ಏರಿಳಿಯಬೇಕು.

ನಾನು ಮೊದಲ ಸಲ ಬಕೆಟ್ಟಿಗೇ ಥರ್ಮೋಕೋಲ್ ಕಟ್ಟಿ ತೇಲಿಬಿಟ್ಟಿದ್ದೆ. ಪಂಪ್ ಹಾಕಿ ಅರ್ಧ ನಿಮಿಷವಾಗಿಲ್ಲ, ಒಳಗಿನ ನೀರು ಇಳಿದು ಹಗುರಾದ ಬಕೆಟ್ ಬುಳಕ್ಕೆಂದು ಮೇಲೆದ್ದಿತು. ಪಂಪ್ ಬರಿದೇ ಗರಗರ ಎನ್ನತೊಡಗಿತು. ಬಕೆಟ್ ತಳದಲ್ಲೇ ಇರಲಿ, ಅಂಚು ಮಾತ್ರ ತೇಲಲಿ ಎಂಬ ಪಾಠ ಕಲಿತದ್ದು ಆಗ.

ಬೇಕಾಗುವ ಸಾಮಾನು

(ಎರಡು ಅಡಿ ಆಳದ ಕೊಳದ ಲೆಕ್ಕ)

- ಮುಚ್ಚಳವಿರುವ 10 ಲೀಟರಿನ ಪ್ಲಾಸ್ಟಿಕ್ ಬಕೆಟ್. ಡಿಸ್ಟೆಂಪರ್ ಇದ್ದದ್ದನ್ನು ಚೆನ್ನಾಗಿ ತೊಳೆದು ಬಳಸಬಹುದು, ಎನಾಮಲ್ ಪೇಂಟ್ ಇದ್ದದ್ದು ಬೇಡ.
- 4 ಇಂಚಿನ (110 ಮಿ.ಮೀ.) ಪಿವಿಸಿ ಪೈಪು ಒಂದು ಅಡಿ, ಅದೇ ಅಳತೆಯ ಒಂದು ಕಪ್ಲಿಂಗ್ (ತೇಲುವ ಅಂಚು ಇದೇ)
- ಗಂಟೆಗೆ ಸುಮಾರು 1000 ಲೀಟರ್ ಎತ್ತುವ, ನೀರಲ್ಲಿ ಮುಳುಗಿಸುವ ಪಂಪ್ ಮತ್ತು ಅದಕ್ಕೆ ಹೊಂದುವ ಹೋಸ್
- 250 ಮಿ.ಲೀ.ನ ಮೂರು ಖಾಲಿ ನೀರಿನ ಬಾಟಲಿ
- ಹಳೆಯ ಸೈಕಲ್ ಟ್ಯೂಬ್, ಕೇಬಲ್ ಟೈ, ಈರುಳ್ಳಿ ಚೀಲದ ಬಲೆ, ಸ್ಪಂಜ್, ಸೊಳ್ಳೆಪರದೆಯ ತುಂಡು, ಒಂದೆರಡು ಕಲ್ಲು

ಮಾಡುವ ಬಗೆ

1. ಕಪ್ಲಿಂಗ್ ಸಡಿಲಿಸಿ. ಒಳಗೆ ರಬ್ಬರ್ ರಿಂಗ್ ಇದ್ದರೆ ತೆಗೆಯಿರಿ. ನಡುವೆ ಇರುವ ಏಣನ್ನು ಅರದಿಂದ ಉಜ್ಜಿ ಸವೆಸಿ, ಮರಳು ಕಾಗದದಿಂದ ನಯ ಮಾಡಿ. ಪೈಪಿನ ಮೇಲೆ ಇಟ್ಟು ಕೈಬಿಟ್ಟರೆ ತನ್ನ ಭಾರಕ್ಕೇ ಸರ್ರನೆ ಜಾರಬೇಕು. ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಹಂತ ಇದೊಂದೇ. ಪುಡಿಯನ್ನು ಪೂರ್ತಿ ತೊಳೆದುಬಿಡಿ.

2. ಮುಚ್ಚಳ ಕೊರೆಯಿರಿ. ಪೈಪನ್ನು ಮುಚ್ಚಳದ ಮೇಲಿಟ್ಟು ಸುತ್ತ ಗೆರೆ ಎಳೆದು ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಿ. ಪಕ್ಕದಲ್ಲಿ ಹೋಸ್ ಮತ್ತು ವೈರಿಗೆ ಇನ್ನೊಂದು ತೂತು. ಬಕೆಟ್ಟಿನ ಪ್ಲಾಸ್ಟಿಕ್ಕಿಗೆ ಪಿವಿಸಿ ಗಮ್ ಹಿಡಿಯುವುದಿಲ್ಲ. ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ ತೂರಿಸಿ, ಮುಚ್ಚಳದ ಮೇಲೂ ಕೆಳಗೂ ಕೇಬಲ್ ಟೈ ಬಿಗಿಯಿರಿ. ಹನಿ ನೀರು ನುಸುಳಿದರೆ ಚಿಂತೆಯಿಲ್ಲ.

3. ಎತ್ತರ ಅಳೆಯಿರಿ. ಬಕೆಟ್ ಕೊಳದ ತಳದಲ್ಲಿ ಕೂತಾಗ ಪೈಪಿನ ತುದಿ, ಕೊಳ ತುಂಬಿದಾಗಿನ ನೀರಿನ ಮಟ್ಟಕ್ಕಿಂತ 7-8 ಸೆಂ.ಮೀ. ಕೆಳಗಿರಬೇಕು. ಹೆಚ್ಚಿದ್ದನ್ನು ಕತ್ತರಿಸಿ. ಮೇಲಿನ ಅಂತರವನ್ನು ಕಪ್ಲಿಂಗ್ ತುಂಬುತ್ತದೆ.

4. ಆಪತ್ತಿನ ಕಿಂಡಿ ಇಡಿ. ಬಕೆಟ್ಟಿನ ಬುಡದಿಂದ ಒಂದು ಗೇಣು ಮೇಲೆ 10 ಮಿ.ಮೀ.ನ ಎರಡು ತೂತು ಕೊರೆದು ಸೊಳ್ಳೆಪರದೆ ಕಟ್ಟಿ. ಎಲೆ ತುಂಬಿ ಬಾಯಿ ಕಟ್ಟಿಕೊಂಡರೆ ಈ ಕಿಂಡಿಗಳಿಂದ ನೀರು ಬಂದು ಪಂಪ್ ಸುಡದಂತೆ ಕಾಯುತ್ತದೆ.

5. ಪಂಪ್ ಇಳಿಸಿ. ಬಕೆಟ್ಟಿನೊಳಗೆ ಕಲ್ಲಿಟ್ಟು ಭಾರ ಮಾಡಿ. ಪಂಪಿನ ಬಾಯಿಗೆ ಸ್ಪಂಜ್ ಸುತ್ತಿ ಕೂರಿಸಿ, ಹೋಸ್, ವೈರ್ ಹೊರತೆಗೆದು ಮುಚ್ಚಳ ಹಾಕಿ.

6. ತೇಲುವ ಬಾಟಲಿ ಕಟ್ಟಿ. ಮೂರು ಬಾಟಲಿಗಳಲ್ಲೂ ಕಾಲುಭಾಗ ನೀರು ತುಂಬಿ ಮುಚ್ಚಳ ಬಿಗಿಮಾಡಿ. ಕಪ್ಲಿಂಗಿನ ಸುತ್ತ ಸಮ ಅಂತರದಲ್ಲಿ ನಿಲ್ಲಿಸಿ ಕಟ್ಟಿ. ಎಲೆ ಒಳಬರಲು ನಡುವೆ ಜಾಗವಿರಲಿ. ಥರ್ಮೋಕೋಲ್ ಬಳಸಬೇಡಿ, ಅದರ ಕಾಳನ್ನು ಮೀನು ನುಂಗುತ್ತದೆ.

7. ಬಲೆ ತೂಗುಹಾಕಿ. ಈರುಳ್ಳಿ ಚೀಲವನ್ನು ಒಂದು ಗೇಣುದ್ದದ ಸಂಚಿಯಂತೆ ಹೊಲಿದು ಕಪ್ಲಿಂಗಿನೊಳಗೆ ಇಳಿಬಿಡಿ. ಅದರ ಬಾಯನ್ನು ಅಂಚಿನ ಹೊರಗೆ ಮಡಚಿ ದಾರದಿಂದ ಕಟ್ಟಿ.

ಅಂಚು ಹೊಂದಿಸುವುದು

ಕಪ್ಲಿಂಗನ್ನು ಪೈಪಿಗೆ ತೊಡಿಸಿ ಪಂಪ್ ಚಾಲೂ ಮಾಡಿ. ಒಳಗಿನ ನೀರು ಹೊರಗಿನದಕ್ಕಿಂತ ಎರಡು ಬೆರಳಿನಷ್ಟು ಕೆಳಗೆ ನಿಂತು, ಅಂಚಿನ ಸುತ್ತ ನೀರು ಗಾಜಿನ ಹಾಳೆಯಂತೆ ಬಾಗಿ ಇಳಿಯುತ್ತಿದ್ದರೆ ಸರಿಯಾಗಿದೆ. ಒಳಗಿನ ಮಟ್ಟ ಇಳಿಯುತ್ತಲೇ ಹೋದರೆ ಅಂಚು ಮೇಲಿದೆ ಎಂದರ್ಥ. ಮೂರು ಬಾಟಲಿಗೂ ಒಂದೊಂದು ಚಹಾ ಚಮಚ ನೀರು ಸೇರಿಸಿದರೆ ಅಂಚು ಎರಡು-ಮೂರು ಮಿ.ಮೀ. ತಗ್ಗುತ್ತದೆ. ಒಳಗೂ ಹೊರಗೂ ಮಟ್ಟ ಒಂದೇ ಆಗಿ ಎಲೆ ಅಲ್ಲಲ್ಲೇ ಸುತ್ತುತ್ತಿದ್ದರೆ ಅಂಚು ಆಳಕ್ಕೆ ಹೋಗಿದೆ, ಬಾಟಲಿಗಳಿಂದ ತುಸು ನೀರು ತೆಗೆಯಿರಿ.

ಎಲ್ಲಿ ಇಡಬೇಕು?

ಗಾಳಿ ಎಲೆಗಳನ್ನು ಯಾವ ಮೂಲೆಗೆ ತಳ್ಳುತ್ತದೆ ಎಂದು ಎರಡು ದಿನ ನೋಡಿ, ಅಲ್ಲೇ ಇಡಿ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಜೋರಾಗಿರುವುದರಿಂದ ಬಯಲಿನಲ್ಲಿರುವ ಕೊಳದ ಕಸ ಪೂರ್ವದ ಅಂಚಿಗೆ ಸೇರುತ್ತದೆ. ಹೋಸಿನ ತುದಿಯನ್ನು ಎದುರು ದಡಕ್ಕೆ ಒಯ್ದು ಕಲ್ಲಿನ ಮೇಲೆ ಬೀಳಿಸಿ. ಬಿದ್ದ ನೀರು ಗಾಳಿ ಕುಡಿಯುತ್ತದೆ, ತೇಲುವ ಕಸವನ್ನು ಸ್ಕಿಮ್ಮರಿನ ಕಡೆ ತಳ್ಳುತ್ತದೆ. ನೈದಿಲೆ ಎಲೆಗಳಿಂದ ಒಂದಡಿ ದೂರವಿರಲಿ. ಅಂತರಗಂಗೆ ಇದ್ದರೆ ದಾರ ಕಟ್ಟಿ ಬೇರೆ ಮೂಲೆಗೆ ಸರಿಸಿ.

ಕರೆಂಟಿನ ವಿಚಾರದಲ್ಲಿ ಹುಡುಗಾಟ ಬೇಡ

ಮೂರು ಪಿನ್ನಿನ ಪ್ಲಗ್ಗೇ ಇರಲಿ. ಆ ಲೈನಿಗೆ, ಕರೆಂಟ್ ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ವೈರಿನ ಜಾಯಿಂಟ್ ನೀರಿನಲ್ಲಿ ಇರಲೇಕೂಡದು. ವೈರ್ ಸಾಕೆಟ್ಟಿಗಿಂತ ಕೆಳಕ್ಕೆ ಜೋತು ಮೇಲೇರಲಿ, ಆಗ ಹನಿಗಳು ಜೋತ ಜಾಗದಲ್ಲೇ ತೊಟ್ಟಿಕ್ಕುತ್ತವೆ. ಕೊಳಕ್ಕೆ ಕೈಹಾಕುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಖರ್ಚಿನ ಭಯ ಬೇಡ. 25 ವಾಟಿನ ಪಂಪ್ ದಿನಕ್ಕೆ 8 ಗಂಟೆ ಓಡಿದರೂ ತಿಂಗಳಿಗೆ ಆರು ಯೂನಿಟ್.

ಇದರಿಂದ ಆಗದ ಕೆಲಸ

ತಳದ ಕೆಸರನ್ನು ಸ್ಕಿಮ್ಮರ್ ಎತ್ತುವುದಿಲ್ಲ, ಪಾಚಿಯಿಂದ ಹಸಿರಾದ ನೀರನ್ನು ತಿಳಿ ಮಾಡುವುದಿಲ್ಲ. ಉಸಿರಾಡಲು ಮೇಲೆ ಬರುವ ಸೊಳ್ಳೆಮರಿಗಳಲ್ಲಿ ಕೆಲವು ಸಿಕ್ಕಿಬಿದ್ದಾವು. ಆದರೆ ಆ ಕೆಲಸಕ್ಕೆ ಗಪ್ಪಿ ಮೀನೇ ಸರಿ. ಮೀನು ಮರಿ ಹಾಕಿದ ದಿನಗಳಲ್ಲಿ ಪಂಪ್ ನಿಲ್ಲಿಸಿ, ಇಲ್ಲವೇ ಅಂಚಿನ ಸುತ್ತ ಸೊಳ್ಳೆಪರದೆ ಕಟ್ಟಿ.

ದಿನಾ ಬೆಳಗ್ಗೆ ಪ್ಲಗ್ ಕಿತ್ತು ಬಲೆಯ ಸಂಚಿ ಖಾಲಿ ಮಾಡಿ. ಕೊಡವುವ ಮುನ್ನ ಒಳಗೆ ಕಪ್ಪೆ ಕೂತಿದೆಯೇ ನೋಡಿ, ಕೂತಿರುತ್ತದೆ. ವಾರಕ್ಕೊಮ್ಮೆ ಸ್ಪಂಜ್ ಹಿಂಡಿ ತೊಳೆಯಿರಿ, ಆ ಕೊಳಕು ನೀರನ್ನು ಚರಂಡಿಗೆ ಚೆಲ್ಲದೆ ಗಿಡಕ್ಕೆ ಹಾಕಿ. ಸಂಚಿಯ ಎಲೆ ಗೊಬ್ಬರದ ಗುಂಡಿಗೆ ಹೋಗಲಿ. ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿದು ಗೊಬ್ಬರ ಮಾಡಿದ ನಾಡು ನಮ್ಮದು. ಕೊಳದೊಳಗೆ ಕೊಳೆತರೆ ಮೀನಿಗೆ ಕಂಟಕವಾಗುವ ಎಲೆ, ಗುಂಡಿಯಲ್ಲಿ ಕೊಳೆತರೆ ಗಿಡಕ್ಕೆ ಊಟ.