ಮೊದಲು ಮಣ್ಣು ಉಳಿಸಿ, ಆಮೇಲೆ ಬೀಜ ಬಿತ್ತಿ

ಮೇ ತಿಂಗಳಲ್ಲಿ ಬಿಡದೆ ಸುರಿಯುವ ಮಳೆಗೆ ಕಾಯಿಪಲ್ಲೆ ಮಡಿಯನ್ನು ಕಾಪಾಡಿಕೊಳ್ಳುವ ಕ್ರಮ

ಕೊಲ್ಹಾಪುರ ಜಿಲ್ಲೆಯಲ್ಲಿ ಕಾಯಿಪಲ್ಲೆ ಬೆಳೆಯುವವರಿಗೆ ಮೇ ತಿಂಗಳ ಕೆಲಸ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಬಸವ ಜಯಂತಿ ಮುಗಿದ ಮೇಲೆ ನೆಲ ಅಗೆದು ಬಿಸಿಲಿಗೆ ಬಿಡುವುದು, ತಿಪ್ಪೆಗೊಬ್ಬರ ಹರವುವುದು, ಮೆಣಸಿನಕಾಯಿ ಮತ್ತು ಬದನೆಯ ಸಸಿಮಡಿ ಹಾಕುವುದು, ಜೂನ್ 7–8ಕ್ಕೆ ಮೃಗಶಿರಾ ಮಳೆ ಕೂಡಿದ ಮೇಲೆ ನಾಟಿ ಮಾಡುವುದು. ಈ ಲೆಕ್ಕ ನಿಂತಿರುವುದು ಮೇ ತಿಂಗಳ ಒಣ ಬಿಸಿಲಿನ ಮೇಲೆ.

2025ರಲ್ಲಿ ಆ ಬಿಸಿಲೇ ಸಿಗಲಿಲ್ಲ. ಮುಂಗಾರು ಪೂರ್ವ ಮಳೆ ಬಿಡುವು ಕೊಡದೆ ಸುರಿಯಿತು. ಜೂನ್ 1ಕ್ಕೆ ಕೇರಳ ಮುಟ್ಟಬೇಕಾದ ಮುಂಗಾರು ಮೇ 24ಕ್ಕೇ ಮುಟ್ಟಿ, ಮರುದಿನ ದಕ್ಷಿಣ ಕೊಂಕಣಕ್ಕೂ ಬಂತು. ಕೇರಳಕ್ಕೆ 2009ರ ನಂತರ ಇಷ್ಟು ಬೇಗ ಬಂದಿದ್ದು ಅದೇ ಮೊದಲು. ಇಡೀ ದೇಶದ ಲೆಕ್ಕದಲ್ಲಿ 1901ರಿಂದೀಚೆಗೆ ಅತಿ ಹೆಚ್ಚು ಮಳೆ ಸುರಿದ ಮೇ ತಿಂಗಳೂ ಅದೇ. ಅದಕ್ಕೂ ಮೊದಲು, 2021ರ ಮೇ ನಡುವಿನಲ್ಲಿ, ಕರಾವಳಿಯ ಗುಂಟ ಸಾಗಿದ ತೌಕ್ತೆ ಚಂಡಮಾರುತ ಬೇಸಿಗೆಯ ನಡುವೆಯೇ ಮಳೆ ತಂದಿತ್ತು. ಆದ್ದರಿಂದ ಹಸಿ ಮೇ ತಿಂಗಳಿಗೆ ತಯಾರಾಗಿರುವುದು ಇನ್ನು ಪ್ರತಿ ವರ್ಷದ ಕೆಲಸ.

ಎರಡು ಗುಂಟೆ ಹಿತ್ತಲಿರಲಿ, ಹೊಲದ ಬದಿಯ ಐದು ಮಡಿಗಳಿರಲಿ, ನೆನಪಿಡಬೇಕಾದ ಮಾತು ಒಂದೇ. ಕೆಟ್ಟ ಸಸಿಯನ್ನು ಮತ್ತೆ ತರಬಹುದು. ಹಸಿಯಲ್ಲಿ ತುಳಿದು ಕೆಡಿಸಿದ ಮಣ್ಣು ಇಡೀ ಹಂಗಾಮು ಸರಿಹೋಗುವುದಿಲ್ಲ. ಅದಕ್ಕೇ ಕೆಳಗಿನ ಹಂತಗಳಲ್ಲಿ ಮಣ್ಣಿನ ಕೆಲಸ ಮೊದಲು, ಬೀಜದ ಕೆಲಸ ಆಮೇಲೆ.

1. ನಿಮ್ಮ ನೆಲ ಯಾವುದೆಂದು ನೋಡಿ

ಒಂದೇ ಜಿಲ್ಲೆಯಾದರೂ ಮಳೆ ಮತ್ತು ಮಣ್ಣು ಒಂದೇ ಅಲ್ಲ. ಪಶ್ಚಿಮದ ಗಗನಬಾವಡಾ ಘಟ್ಟದ ಮಳೆಯ ಊರು. ಪೂರ್ವದ ಶಿರೋಳಕ್ಕೆ ಬರುವಷ್ಟರಲ್ಲಿ ಅದರ ಸಣ್ಣ ಪಾಲಷ್ಟೇ ಉಳಿದಿರುತ್ತದೆ. ಆಜರಾ, ಚಂದಗಡ ಕಡೆಯ ಕೆಂಪು ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ. ಅಲ್ಲಿ ಗೊಬ್ಬರದ ಸತ್ವ ನೀರಿನ ಜೊತೆ ಇಳಿದುಹೋಗುವುದೇ ಚಿಂತೆ. ಗಡಹಿಂಗ್ಲಜದ ಪೂರ್ವಕ್ಕೆ, ನೂಲ, ಹಲಕರ್ಣಿ ಕಡೆಯ ಎರೆ ಭೂಮಿಯಲ್ಲಿ ಮತ್ತು ಹಿರಣ್ಯಕೇಶಿ, ಪಂಚಗಂಗಾ ದಂಡೆಯ ಕಪ್ಪು ಮಣ್ಣಿನಲ್ಲಿ ತೊಂದರೆ ಬೇರೆ: ಕುಡಿದ ನೀರನ್ನು ಈ ಮಣ್ಣು ಬಿಟ್ಟುಕೊಡುವುದಿಲ್ಲ. ಕೊಲ್ಹಾಪುರ, ಇಚಲಕರಂಜಿಯ ಒಳಗೆ ಮಾಳಿಗೆಯ ಮೇಲೆ ಕುಂಡಗಳಲ್ಲಿ ಬೆಳೆಯುವವರಿಗೆ ಕುಂಡದ ತೂತೇ ಬಸಿಗಾಲುವೆ.

2. ನೀರಿಗೆ ದಾರಿ ಕೊಡಿ

ಮಳೆ ನಿಂತ ಮೇಲೆ ಮೊದಲ ಕೆಲಸ ನಿಂತ ನೀರನ್ನು ಹೊರಗೆ ಕಳಿಸುವುದು. ಬೇರಿಗೆ ನೀರು ಬೇಕಾದಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರು ಉಸಿರಾಡದು. ನೀರಿನಲ್ಲಿ ನಿಂತೂ ಟೊಮೆಟೊ, ಮೆಣಸಿನ ಗಿಡ ಬಾಡಿದಂತೆ ಎಲೆ ಜೋತುಬಿಡುವುದು ಇದರಿಂದಲೇ. ಹಾಗೆ ಒಂದೆರಡು ದಿನ ಕಳೆದರೆ ಬೇರು ಕೊಳೆಯತೊಡಗುತ್ತದೆ.

• ಮಡಿಯ ತಗ್ಗಿನ ಬದಿಗೆ ಒಂದು ಗೇಣು ಅಗಲ, ಒಂದು ಗೇಣು ಆಳದ ಬಸಿಗಾಲುವೆ ತೋಡಿ. ಅದು ರಸ್ತೆಯ ಗಟಾರಕ್ಕೋ ಹಳ್ಳಕ್ಕೋ ಸೇರಲಿ. ಪಕ್ಕದವರ ಮಡಿಗೆ ಬಿಡಬೇಡಿ.
• ಹೊರಗಿನ ನೀರು ಒಳಗೆ ನುಗ್ಗದಂತೆ ಎತ್ತರದ ಬದಿಗೆ ಸಣ್ಣ ಒಡ್ಡು ಹಾಕಿ.
• ನೀರಿಗೆ ದಾರಿಯೇ ಇಲ್ಲದಿದ್ದರೆ ತಗ್ಗಿನ ಮೂಲೆಯಲ್ಲಿ ಗುಂಡಿ ತೋಡಿ, ಕೂಡಿದ ನೀರನ್ನು ಎತ್ತಿ ಹಾಕಿ.
• ಕುಂಡಗಳ ಕೆಳಗಿನ ತಟ್ಟೆ ತೆಗೆದು, ಎರಡು ಇಟ್ಟಿಗೆಯ ಮೇಲೆ ಎತ್ತಿಡಿ. ಕಡ್ಡಿಯಿಂದ ತೂತು ಬಿಡಿಸಿ.

3. ಹದ ಬರುವ ತನಕ ಕಾಲಿಡಬೇಡಿ

ಹಸಿ ಎರೆಯಲ್ಲಿ ನಡೆದರೆ, ಗುದ್ದಲಿ ಹಾಕಿದರೆ, ಮಣ್ಣಿನ ಕಣಗಳು ಒತ್ತಿಕೊಂಡು ಸಂದುಗಳು ಮುಚ್ಚಿಹೋಗುತ್ತವೆ. ಒಣಗಿದ ಮೇಲೆ ಆ ಹೆಂಟೆಗಳು ಇಟ್ಟಿಗೆಯಂತೆ ಗಟ್ಟಿಯಾಗುತ್ತವೆ. ಹದ ಬಂದಿದೆಯೋ ಇಲ್ಲವೋ ಎಂದು ಹೀಗೆ ನೋಡಿ: ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಉಂಡೆ ಒಡೆದು ಪುಡಿಯಾದರೆ ಹದ ಬಂದಿದೆ. ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೆರಡು ದಿನ ಬಿಟ್ಟು ಮತ್ತೆ ನೋಡಿ. ಮೇಲಿನ ಮಣ್ಣು ಒಣಗಿದಂತೆ ಕಂಡರೂ ಎರೆಯ ಒಳಗೆ ಹಸಿ ಇರುತ್ತದೆ. ಅದಕ್ಕೇ ಮೇಲಿನ ಮಣ್ಣನ್ನು ನಂಬಬೇಡಿ.

ಕಾಯಿ ಬಿಡಿಸಲು ಅಥವಾ ಸಸಿ ನೋಡಲು ಒಳಗೆ ಹೋಗಲೇಬೇಕಾದರೆ ಅಗಲವಾದ ಹಲಗೆ ಹಾಸಿ ಅದರ ಮೇಲೆ ನಿಲ್ಲಿ. ಮೈಭಾರ ಹರಡಿ ಮಣ್ಣು ಕಡಿಮೆ ತುಳಿತಕ್ಕೆ ಸಿಗುತ್ತದೆ. ಕಳೆಯನ್ನು ಅಗೆದು ತೆಗೆಯುವ ಬದಲು, ಬೀಜ ಕಟ್ಟುವ ಮೊದಲು ಕುಡಗೋಲಿನಿಂದ ನೆಲಮಟ್ಟಕ್ಕೆ ಕೊಯ್ಯಿರಿ.

4. ಏರುಮಡಿ ಮಾಡಿ

ಹದ ಬಂದ ದಿನವೇ ಸಮತಟ್ಟು ಮಡಿಗಳನ್ನು ಏರುಮಡಿ ಮಾಡಿಕೊಳ್ಳಿ. ಅಗಲ 1 ಮೀಟರ್ ಸಾಕು. ಎರಡೂ ಬದಿಯಿಂದ ಕೈ ನಡುವಿನವರೆಗೆ ಮುಟ್ಟಬೇಕು, ಮಡಿಯೊಳಗೆ ಕಾಲಿಡುವ ಅಗತ್ಯ ಬರಬಾರದು. ಎತ್ತರ ಕೆಂಪು ಮಣ್ಣಿನಲ್ಲಿ 15 ಸೆಂಟಿಮೀಟರ್, ಎರೆಯಲ್ಲಿ 25ರಿಂದ 30. ಎರಡು ಮಡಿಗಳ ನಡುವೆ ಒಂದು ಮೊಳ ಅಗಲದ ದಾರಿ ಬಿಡಿ. ಮಳೆ ಬಂದಾಗ ಅದೇ ಕಾಲುವೆಯಾಗುತ್ತದೆ. ಮೆಣಸಿನಕಾಯಿ, ಬದನೆಗೆ ಬೋದು–ಸಾಲು ಪದ್ಧತಿಯೂ ನಡೆಯುತ್ತದೆ. ಆದರೆ ಸಸಿಯನ್ನು ಸಾಲಿನ ತಳದಲ್ಲಿ ಹಚ್ಚದೆ ಬೋದಿನ ಮಗ್ಗುಲಿಗೆ, ಮೇಲ್ಗಡೆ ಹಚ್ಚಿ.

ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಹಸಿ ಸಗಣಿ ಮಳೆಗಾಲದಲ್ಲಿ ಗೊಣ್ಣೆಹುಳು, ಬೂಸ್ಟು ಎರಡನ್ನೂ ತರುತ್ತದೆ. ಕೈಯಲ್ಲಿ ಎರಡು ವಾರ ಇದ್ದರೆ ಗೊಬ್ಬರವನ್ನು ಹೀಗೆ ಬಲಪಡಿಸಿ: 90 ಕಿಲೋ ಕಳಿತ ತಿಪ್ಪೆಗೊಬ್ಬರಕ್ಕೆ 10 ಕಿಲೋ ಬೇವಿನ ಹಿಂಡಿ, 2 ಕಿಲೋ ಟ್ರೈಕೋಡರ್ಮಾ ಪುಡಿ ಬೆರೆಸಿ, ನೆರಳಿನಲ್ಲಿ ತುಸು ತೇವವಿಟ್ಟು, ಗೋಣಿಚೀಲ ಮುಚ್ಚಿ. ಎರಡು ವಾರದ ಮೇಲೆ ಮಡಿಗೆ ಹಾಕಿ. ಬೇರು ಕೊಳೆಸುವ ಶಿಲೀಂಧ್ರಗಳನ್ನು ತಡೆಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

5. ಸಸಿಯನ್ನು ನೆಲದಿಂದ ಮೇಲೆ ಬೆಳೆಸಿ

ಹಸಿ ಮೇ ತಿಂಗಳಲ್ಲಿ ಹೆಚ್ಚು ನಷ್ಟವಾಗುವುದು ಸಸಿಮಡಿಯಲ್ಲಿ. ಬೆಳಿಗ್ಗೆ ನೆಟ್ಟಗಿದ್ದ ಸಸಿಗಳು ಸಂಜೆಗೆ ಬುಡ ಮೆತ್ತಗಾಗಿ ಮಲಗುತ್ತವೆ. ಇದೇ ಸಸಿ ಕೊಳೆ ರೋಗ. ಒತ್ತೊತ್ತಾಗಿ ಬಿತ್ತಿದ ಬೀಜ, ನಿಂತ ತೇವ, ಆಡದ ಗಾಳಿ ಈ ಮೂರೂ ಕೂಡಿದಾಗ ಬರುತ್ತದೆ.

• ಬಿತ್ತುವ ಮೊದಲು ಬೀಜಕ್ಕೆ ಟ್ರೈಕೋಡರ್ಮಾ ಪುಡಿ ಸವರಿ.
• ನೆಲದ ಮಡಿಯ ಬದಲು ತೂತಿನ ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದು ಬೀಜ ಹಾಕಿ. ಟ್ರೇಗಳನ್ನು ಕಟ್ಟೆಯ ಮೇಲೋ ಹಳೆಯ ಮಂಚದ ಮೇಲೋ ಇಡಿ.
• ನೆಲದಲ್ಲೇ ಹಾಕುವುದಾದರೆ ಎತ್ತರದ ಮಡಿಯಲ್ಲಿ, ನಾಲ್ಕು ಬೆರಳಿಗೊಂದು ಗೆರೆ ಎಳೆದು ಬಿತ್ತಿ. ಎರಚಬೇಡಿ.
• ಬಿದಿರಿನ ಕಮಾನು ಬಗ್ಗಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿ. ಎರಡು ತುದಿ ತೆರೆದಿರಲಿ, ಮಳೆ ಬಿಟ್ಟ ಹೊತ್ತು ಹಾಳೆ ಸರಿಸಿ.
• ರೋಗ ಕಂಡರೆ ನೀರು ಹಾಕುವುದನ್ನು ನಿಲ್ಲಿಸಿ, ಮಲಗಿದ ಸಸಿಗಳನ್ನು ಮಣ್ಣಿನ ಸಮೇತ ತೆಗೆದುಹಾಕಿ. ಉಳಿದವಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಹನಿಸಿ. ತಾಮ್ರದ ಔಷಧಿ ಹಾಕಿದ ಕಡೆ ಟ್ರೈಕೋಡರ್ಮಾ ಬೇಡ. ತಾಮ್ರ ಟ್ರೈಕೋಡರ್ಮಾ ಎಂಬ ಉಪಯೋಗದ ಶಿಲೀಂಧ್ರವನ್ನೂ ಕೊಲ್ಲುತ್ತದೆ.

ಟೊಮೆಟೊ ಸಸಿ 25–30 ದಿನಕ್ಕೆ, ಬದನೆ 30–35ಕ್ಕೆ, ಮೆಣಸಿನಕಾಯಿ 35–40ಕ್ಕೆ ನಾಟಿಗೆ ಬರುತ್ತವೆ. ಮಡಿ ಇನ್ನೂ ಹಸಿಯಿದ್ದರೆ ಸಸಿ ಟ್ರೇಯಲ್ಲೇ ವಾರ ಕಾಯಲಿ. ಕೆಸರಿನಲ್ಲಿ ಇಂದು ಹಚ್ಚಿದ ಸಸಿಗಿಂತ ಹದದಲ್ಲಿ ವಾರ ತಡವಾಗಿ ಹಚ್ಚಿದ್ದು ಮುಂದೆ ಹೋಗುತ್ತದೆ. ನಾಟಿ ಸಂಜೆ ಹೊತ್ತಿನಲ್ಲಿರಲಿ.

6. ಮಳೆ ತಾಳುವ ಬೆಳೆ ಆರಿಸಿ

ಬೇಸಿಗೆಯಲ್ಲಿ ಬೆಳೆದ ಮೆಂತ್ಯೆ, ಕೊತ್ತಂಬರಿ ಹೆಚ್ಚಿನ ಮಳೆಗೆ ಕೊಳೆಯುತ್ತವೆ. ಅವನ್ನು ಹೊದಿಕೆಯ ಕೆಳಗೆ ಸ್ವಲ್ಪವೇ ಬಿತ್ತಿ. ರಾಜಗಿರಿ, ಪುಂಡಿಪಲ್ಲೆ, ಬಸಳೆ ತೇವವನ್ನು ತಾಳುತ್ತವೆ. ರಾಜಗಿರಿಯಂತೂ ತಿಂಗಳೊಳಗೆ ಅಡುಗೆಗೆ ಬರುತ್ತದೆ. ಸಸಿಮಡಿ ಕೆಟ್ಟವರು ಮನೆಗೆ ಪಲ್ಲೆ ತಪ್ಪಬಾರದೆಂದು ಮೊದಲು ಇದನ್ನೇ ಬಿತ್ತಲಿ.

ಬೆಂಡೆ, ಚವಳಿಕಾಯಿ ಬೀಜವನ್ನು ನೆನೆಸದೆ, ಏರುಮಡಿಯ ಮೇಲೆ ಬೆರಳ ಗೆಣ್ಣಿನಷ್ಟು ಆಳಕ್ಕೆ ಮಾತ್ರ ಹಾಕಿ. ನೆಲದಲ್ಲೇ ಸಾಕಷ್ಟು ತೇವವಿದ್ದಾಗ ನೆನೆಸಿದ ಬೀಜ ಕೊಳೆಯುತ್ತದೆ. ಹೀರೆ, ಹಾಗಲ, ಸೌತೆಯನ್ನು ಸಣ್ಣ ಚೀಲದಲ್ಲಿ ಎರಡೆರಡು ಬೀಜ ಹಾಕಿ ಮೊಳೆಸಿ, 15–20 ದಿನಕ್ಕೆ ನೆಲಕ್ಕೆ ಇಳಿಸಿ.

ತಳಿ ಆರಿಸುವಾಗಲೂ ಗಮನವಿರಲಿ. ಹೀರೆಯಲ್ಲಿ ‘ಫುಲೆ ಸುಚೇತಾ’, ಹಾಗಲದಲ್ಲಿ ‘ಫುಲೆ ಗ್ರೀನ್ ಗೋಲ್ಡ್’ ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದವು. ಟೊಮೆಟೊದಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಎಲೆ ಮುಟುರು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಬೆಂಡೆಯಲ್ಲಿ ‘ಅರ್ಕಾ ಅನಾಮಿಕಾ’ ಹಳದಿ ನರ ರೋಗಕ್ಕೆ ತಡೆಯುಳ್ಳ ತಳಿ. ಗಡಹಿಂಗ್ಲಜ ಮಾರುಕಟ್ಟೆಗೆ ಹೆಸರು ತಂದ ಸಂಕೇಶ್ವರಿ ಮೆಣಸಿನಕಾಯಿಯ ಜವಾರಿ ಬೀಜ ಮನೆಯಲ್ಲಿದ್ದರೆ ಎಲ್ಲವನ್ನೂ ಒಂದೇ ಸಲ ಬಿತ್ತಬೇಡಿ. ಅರ್ಧ ಬೀಜ ಡಬ್ಬಿಯಲ್ಲಿ ಉಳಿಸಿ. ಮೊದಲ ಸಸಿಮಡಿ ಕೆಟ್ಟರೂ ತಳಿ ಉಳಿಯಬೇಕು. ಅಂಥ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ.

7. ಹಳದಿಯಾದ ಗಿಡಕ್ಕೆ ಯೂರಿಯಾ ಎರಚಬೇಡಿ

ವಾರದ ಮಳೆಯ ನಂತರ ಎಲೆ ಹಳದಿಯಾದರೆ ಹಿಡಿ ಯೂರಿಯಾ ಬುಡಕ್ಕೆ ಹಾಕುವುದು ಸಾಮಾನ್ಯ. ಉಸಿರುಗಟ್ಟಿದ ಬೇರು ಅದನ್ನು ಎಳೆದುಕೊಳ್ಳಲಾರದು, ಹಾಕಿದ್ದು ನೀರಿನ ಪಾಲಾಗುತ್ತದೆ. ಮೊದಲು ನೀರು ಬಸಿಯಲಿ. ನಂತರ ಲೀಟರಿಗೆ 5 ಗ್ರಾಂ 19:19:19 ಗೊಬ್ಬರ ಕರಗಿಸಿ, ಮಳೆ ಇಲ್ಲದ ಬೆಳಿಗ್ಗೆ ಎಲೆಗೆ ಸಿಂಪಡಿಸಿ. ಹದ ಬಂದ ಮೇಲೆ ಬುಡದ ಮಣ್ಣು ಹಗುರಾಗಿ ಕೆದಕಿ, ಗಿಡಕ್ಕೆ ಮಣ್ಣು ಏರಿಸಿ.

ಕಬ್ಬಿನ ನಾಡಾದ ಇಲ್ಲಿ ರವದಿಗೆ ಕೊರತೆಯಿಲ್ಲ. ಮಣ್ಣಿನ ಹೆಚ್ಚಿನ ತೇವ ಆರಿದ ಮೇಲೆ ಅದನ್ನು ತೆಳುವಾಗಿ, ಬುಡದಿಂದ ನಾಲ್ಕು ಬೆರಳು ದೂರಕ್ಕೆ ಹಾಸಿ. ಮಳೆಹನಿ ಮಣ್ಣನ್ನು ಎಲೆಗೆ ಸಿಡಿಸುವುದು ತಪ್ಪಿದರೆ ಅರ್ಧ ರೋಗ ತಪ್ಪುತ್ತದೆ. ಅದರ ಕೆಳಗೆ ಬಸವನಹುಳು ಸೇರಿದರೆ ಸಂಜೆ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಅದರ ಅಡಿಯಿಂದ ಆರಿಸಿ ತೆಗೆಯಿರಿ.

8. ರೋಗ ಮತ್ತು ಹೂವಿನ ಕಡೆ ಕಣ್ಣಿಡಿ

ಗಿಡಗಳ ನಡುವೆ ವಾಡಿಕೆಗಿಂತ ಒಂದು ಗೇಣು ಹೆಚ್ಚು ಬಿಡಿ. ಕೆಳಗಿನ ಹಳೆಯ ಎಲೆ ತೆಗೆಯಿರಿ. ಟೊಮೆಟೊಗೆ ಕೋಲು, ಹೀರೆ–ಹಾಗಲಕ್ಕೆ ಚಪ್ಪರ ಕೊಡಿ. ಕಟ್ಟಲು ಹಗ್ಗಕ್ಕಿಂತ ಮೆತ್ತನೆಯ ತುಂಡುಬಟ್ಟೆ ಒಳ್ಳೆಯದು. ಇಚಲಕರಂಜಿಯಂಥ ಮಗ್ಗದ ಊರಿನಲ್ಲಿ ಅದು ಸುಲಭವಾಗಿ ಸಿಗುತ್ತದೆ. ಎಲೆ ಒದ್ದೆಯಿದ್ದಾಗ ಗಿಡ ಮುಟ್ಟಬೇಡಿ, ರೋಗ ಕೈಯ ಮೂಲಕ ಗಿಡದಿಂದ ಗಿಡಕ್ಕೆ ದಾಟುತ್ತದೆ.

ಎಲೆ ಚುಕ್ಕೆ, ಅಂಗಮಾರಿ ಆರಂಭದಲ್ಲೇ ಕಂಡರೆ ಶೇ 1ರ ಬೋರ್ಡೋ ದ್ರಾವಣ ಸಾಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 5 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತು, ಇನ್ನೊಂದರಲ್ಲಿ 5 ಲೀಟರ್ ನೀರಿಗೆ 100 ಗ್ರಾಂ ಸುಣ್ಣ ಕರಗಿಸಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕಿ. ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಅದೇ ದಿನ ಬಳಸಿ. ತಿನ್ನುವ ಸೊಪ್ಪಿಗೆ ಹೊಡೆಯಬೇಡಿ. ಬಳ್ಳಿಗಳಿಗೆ ಅರ್ಧ ಪ್ರಮಾಣ ಮಾಡಿ, ಮೊದಲು ಒಂದು ಬಳ್ಳಿಗೆ ಹೊಡೆದು ನೋಡಿ.

ಮೋಡದ ದಿನಗಳಲ್ಲಿ ಜೇನು ಹಾರುವುದಿಲ್ಲ, ಬಳ್ಳಿಯ ಹೀಚು ಹಳದಿಯಾಗಿ ಉದುರುತ್ತದೆ. ಆಗ ಗಂಡು ಹೂ ಕಿತ್ತು, ಅದರ ಪರಾಗವನ್ನು ಹಿಂದೆ ಎಳೆಗಾಯಿ ಇರುವ ಹೆಣ್ಣು ಹೂವಿನ ನಡುವೆ ಸವರಿ. ಹಾಗಲ, ಸೌತೆಗೆ ಈ ಕೆಲಸ ಬೆಳಿಗ್ಗೆ. ಹೀರೆಯ ಹೂ ಅರಳುವುದು ಸಂಜೆ, ಅದಕ್ಕೆ ಸಂಜೆಯೇ ಮಾಡಬೇಕು.

9. ಹೊಳೆದಂಡೆಯವರಿಗೆ ಎರಡು ಮಾತು

ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ ಪಂಚಗಂಗೆಯ ಎಚ್ಚರಿಕೆ ಮಟ್ಟ 39 ಅಡಿ, ಅಪಾಯ ಮಟ್ಟ 43 ಅಡಿ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಹೊಳೆ ಇದನ್ನು ಎಷ್ಟೋ ಮೀರಿತ್ತು. ಆಗ ನೀರು ಬಂದಿದ್ದ ಗೆರೆಯ ಒಳಗೆ ಆರು ತಿಂಗಳ ಬೆಳೆ ಹಚ್ಚಬೇಡಿ. ಜುಲೈಗೆ ಮೊದಲು ಕೈಗೆ ಬರುವ ಸೊಪ್ಪಷ್ಟೇ ಬಿತ್ತಿ, ಬದನೆ, ಮೆಣಸಿನಕಾಯಿ ಎತ್ತರದ ಮಡಿಗೆ ಹೋಗಲಿ. ಹೊಳೆಯ ನೀರು ಮುಟ್ಟಿದ ಸೊಪ್ಪನ್ನು ತಿನ್ನಬೇಡಿ, ಮಾರಲೂ ಬೇಡಿ. ಅದರಲ್ಲಿ ಊರ ಗಟಾರದ ನೀರೂ ಸೇರಿರುತ್ತದೆ.

ಇನ್ನು ಎಲ್ಲರಿಗೂ ಸಲ್ಲುವ ಮಾತು: ಮೇ ತಿಂಗಳ ಮಳೆ ಸಿಡಿಲಿನ ಜೊತೆ ಬರುತ್ತದೆ. ಗುಡುಗು ಕೇಳಿದ ಕೂಡಲೇ ಗುದ್ದಲಿ ಬಿಟ್ಟು ಮನೆ ಸೇರಿ, ಮರದ ಕೆಳಗೆ ನಿಲ್ಲಬೇಡಿ. ಮೊಬೈಲಿನಲ್ಲಿ ‘ದಾಮಿನಿ’ ಆ್ಯಪ್ ಸಿಡಿಲಿನ ಸೂಚನೆ ಕೊಡುತ್ತದೆ, ‘ಮೇಘದೂತ’ ಆ್ಯಪ್ ಜಿಲ್ಲೆಯ ಹವಾಮಾನ ಮತ್ತು ಬೆಳೆ ಸಲಹೆಯನ್ನು ಪ್ರಾದೇಶಿಕ ಭಾಷೆಗಳಲ್ಲಿ ಕೊಡುತ್ತದೆ. ರೋಗ ಗುರುತು ಸಿಗದಿದ್ದರೆ ಎಲೆ, ಬೇರು ಸಮೇತ ಒಂದು ಗಿಡವನ್ನು ಕಣೇರಿ ಅಥವಾ ತಳಸಂದೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಗುರುತಿಲ್ಲದೆ ಔಷಧಿ ಹೊಡೆಯುವುದು ಹಣಕ್ಕೂ ಮಣ್ಣಿಗೂ ನಷ್ಟ.

10. ಬರುವ ವರ್ಷದ ಕೆಲಸ ಏಪ್ರಿಲ್‌ಗೆ ಬರೆದಿಡಿ

ನೀರು ಎಲ್ಲಿ ನಿಂತಿತು, ಯಾವ ದಾರಿ ಹಿಡಿಯಿತು, ಯಾವ ಮಡಿ ಎಷ್ಟು ದಿನಕ್ಕೆ ಹದಕ್ಕೆ ಬಂತು ಎಂದು ಈ ವರ್ಷವೇ ಒಂದು ಹಾಳೆಯಲ್ಲಿ ಗುರುತು ಹಾಕಿಡಿ. ಬಸಿಗಾಲುವೆ ತೋಡುವುದು, ಏರುಮಡಿ ಕಟ್ಟುವುದು, ಕಮಾನಿಗೆ ಬಿದಿರು ಕೂಡಿಸುವುದು, ಗೊಬ್ಬರವನ್ನು ಹೊದಿಕೆಯ ಕೆಳಗೆ ಇಡುವುದು ಎಲ್ಲವೂ ಬರುವ ಏಪ್ರಿಲ್‌ನಲ್ಲಿ, ನೆಲ ಒಣಗಿದ್ದಾಗ ಮುಗಿಯಲಿ. ಮಳೆ ಬೇಗ ಬಂದರೆ ತಯಾರಿ ಕೈಹಿಡಿಯುತ್ತದೆ, ತಡವಾಗಿ ಬಂದರೂ ಅದೇ ಏರುಮಡಿ, ಅದೇ ಗೊಬ್ಬರ ಕೆಲಸಕ್ಕೆ ಬರುತ್ತವೆ. ಈ ತಯಾರಿಗೆ ಹಣಕ್ಕಿಂತ ಮುಂಚಿತ ಯೋಚನೆಯೇ ಹೆಚ್ಚು ಬೇಕು. ಮನೆಮಂದಿಗೆ ವರ್ಷವಿಡೀ ತಾಜಾ ಕಾಯಿಪಲ್ಲೆ ಕೊಡುವ ನೆಲಕ್ಕೆ ಅಷ್ಟು ಮಾಡುವುದು ನಮ್ಮ ಕರ್ತವ್ಯ.